ಎಳೆಯ ಮಕ್ಕಳಿಗೆ ಕಷಾಯ: ಯಾವ ವಯಸ್ಸಿಗೆ, ಯಾವುದು, ಎಷ್ಟು

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಒಲೆಯ ಮೇಲೆ ಎರಡು ಪಾತ್ರೆಗಳು ಸದಾ ಇರುತ್ತವೆ. ಒಂದರಲ್ಲಿ ಬೆಲ್ಲದ ಕಾಪಿ, ಇನ್ನೊಂದರಲ್ಲಿ ಶುಂಠಿಯೋ ಕರಿಮೆಣಸೋ ಜೀರಿಗೆಯೋ ಬಿದ್ದ ಕಷಾಯ. ದೊಡ್ಡವರಿಗೆ ಅದು ಶೀತದ ದಿನಗಳ ಸುಖ. ಮನೆಯಲ್ಲಿ ಬಾಣಂತಿ ಮತ್ತು ಹಸುಗೂಸು ಇದ್ದರೆ ಮಾತ್ರ ತೊಡಕು ಶುರುವಾಗುತ್ತದೆ, ಏಕೆಂದರೆ ಆ ಎರಡನೆಯ ಪಾತ್ರೆಯಿಂದ ಒಂದು ಒಳಲೆಯಷ್ಟನ್ನು ಮಗುವಿಗೂ ಕುಡಿಸಬೇಕೆಂದು ಹೇಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ದೊಡ್ಡವರ ಕಷಾಯವನ್ನು ಪ್ರಮಾಣದಲ್ಲಿ ಕಡಿಮೆ ಮಾಡಿದ ಮಾತ್ರಕ್ಕೆ ಅದು ಮಗುವಿನ ಕಷಾಯವಾಗುವುದಿಲ್ಲ. ಮಗುವಿಗೆ ಕೊಡುವುದಾದರೆ ವಯಸ್ಸು, ಪದಾರ್ಥ, ಮಾಡುವ ರೀತಿ ಈ ಮೂರನ್ನೂ ಬೇರೆಯಾಗಿಯೇ ಯೋಚಿಸಬೇಕಾಗುತ್ತದೆ.

ಮೊದಲ ಆರು ತಿಂಗಳು

ಹುಟ್ಟಿದಂದಿನಿಂದ ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುವುದೂ ಇದನ್ನೇ. ತಾಯಿಯ ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇರುವುದರಿಂದ ಮಗುವಿಗೆ ಬಾಯಾರಿಕೆ ಎಂಬ ಪ್ರಶ್ನೆ ಬಿರುಬೇಸಿಗೆಯಲ್ಲೂ ಏಳುವುದಿಲ್ಲ, ಮಡಿಕೇರಿಯ ಜುಲೈ ತಿಂಗಳಲ್ಲಂತೂ ಇಲ್ಲವೇ ಇಲ್ಲ. ಹಸುಗೂಸಿನ ಹೊಟ್ಟೆ ಬಹಳ ಚಿಕ್ಕದು; ಎರಡು ಒಳಲೆ ಜೀರಿಗೆ ನೀರು ಅದರೊಳಗೆ ಹೋದರೆ ಅಷ್ಟು ಹಾಲಿಗೆ ಜಾಗವಿಲ್ಲದಂತಾಗುತ್ತದೆ, ಮಗು ಕಡಿಮೆ ಚೀಪಿದಷ್ಟೂ ತಾಯಿಗೆ ಹಾಲೂ ಕಡಿಮೆಯಾಗುತ್ತಾ ಹೋಗುತ್ತದೆ. ಇದಕ್ಕಿಂತ ಗಂಭೀರವಾದ ಮಾತೊಂದಿದೆ: ಈ ವಯಸ್ಸಿನ ಮಗುವಿನ ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಬೇಗ ಹೊರಹಾಕಲಾರವಾದ್ದರಿಂದ, ನೀರು ಅತಿಯಾದರೆ ರಕ್ತದಲ್ಲಿನ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಡಬ್ಬಿ ಹಾಲು ಕುಡಿಯುವ ಮಗುವಿಗೂ ಇದೇ ನಿಯಮ. ಹಾಲಿನ ಪುಡಿಯನ್ನು ಕಷಾಯದಲ್ಲಿ ಕಲಸಲೇಬಾರದು.

ಕಷಾಯದ ಮಾತು ಹೆಚ್ಚಾಗಿ ಹುಟ್ಟುವುದು ಮಗು ಸಂಜೆ ಹೊತ್ತು ಎಡೆಬಿಡದೆ ಅಳುವಾಗ. ಬೇರಾವ ಕಾಯಿಲೆಯೂ ಇಲ್ಲದ ಮಗು ದಿನಕ್ಕೆ ಮೂರು ಗಂಟೆಗೂ ಹೆಚ್ಚು ಹೊತ್ತು, ವಾರದಲ್ಲಿ ಮೂರಕ್ಕೂ ಹೆಚ್ಚು ದಿನ ಅತ್ತರೆ ವೈದ್ಯರು ಅದನ್ನು ಕೋಲಿಕ್ ಎನ್ನುತ್ತಾರೆ. ಈ ಅಳು ಸುಮಾರು ಆರನೆಯ ವಾರದಲ್ಲಿ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಮನೆಯಲ್ಲಿ ಯಾವ ಕಷಾಯ ನಡೆಯುತ್ತಿತ್ತೋ ಅದಕ್ಕೇ ಕೀರ್ತಿ ಸಲ್ಲುತ್ತದೆ, ಮತ್ತು ಆ ಕೀರ್ತಿ ಮುಂದಿನ ತಲೆಮಾರಿಗೂ ದಾಟುತ್ತದೆ. ಅಂಥ ಸಂಜೆ ಮಗುವನ್ನು ಹೆಗಲಿಗೆ ನೆಟ್ಟಗೆ ಒರಗಿಸಿಕೊಂಡು ತೇಗು ಬರುವವರೆಗೆ ಬೆನ್ನು ಸವರುವುದು, ಬೆಚ್ಚಗಿನ ಅಂಗೈಯಿಂದ ಹೊಟ್ಟೆಯನ್ನು ಮೆಲ್ಲಗೆ ವೃತ್ತಾಕಾರವಾಗಿ ನೀವುವುದು, ದೀಪ ತಗ್ಗಿಸಿ ಎತ್ತಿಕೊಂಡು ತಿರುಗಾಡುವುದು, ಇಷ್ಟೇ ಮಾಡಬೇಕಾದ ಕೆಲಸ. ತಾಯಿ ತಾನು ಜೀರಿಗೆ ಕಷಾಯ ಕುಡಿಯುವುದಕ್ಕೆ ಅಡ್ಡಿಯಿಲ್ಲ. ಆದರೆ ಹಾಲು ಹೆಚ್ಚಲೆಂದು ಸೋಂಪಿನ ನೀರನ್ನು ಲೀಟರುಗಟ್ಟಲೆ ಕುಡಿಯುವುದು ಬೇಡ.

ಹಿರಿಯರಿಗೆ ಇಲ್ಲವೆನ್ನುವುದು ಕಷ್ಟ. "ಆರು ತಿಂಗಳು ತುಂಬಲಿ ಅಜ್ಜಿ, ಆಮೇಲೆ ನೀವೇ ನಿಮ್ಮ ಕೈಯಾರೆ ಮಾಡಿಕೊಡಿ" ಎಂದರೆ ಜಗಳವೂ ಇಲ್ಲ, ಅವರ ಮಾತನ್ನು ತೆಗೆದುಹಾಕಿದಂತೆಯೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಈ ಮಾತು ಎರಡನೆಯ ಮಗುವಿನ ಕಾಲಕ್ಕೆ ಕೆಲಸ ಮಾಡಿತು. ಮೊದಲನೆಯವನ ಕಾಲಕ್ಕೆ ನನಗೆ ಇಷ್ಟು ತಿಳಿದಿರಲಿಲ್ಲ. ಅವನಿಗೆ ನಲವತ್ತು ದಿನವಾಗಿದ್ದಾಗ ಹಿರಿಯರೊಬ್ಬರು ಸಾಣೆಕಲ್ಲಿನ ಮೇಲೆ ಸುಟ್ಟ ಬಜೆಯನ್ನು ನಾಲ್ಕು ಸುತ್ತು ತೇಯ್ದು, ಎದೆಹಾಲಿನಲ್ಲಿ ಕದಡಿ, ಬೆರಳ ತುದಿಯಿಂದ ನಾಲಿಗೆಗೆ ಸವರಿದರು. ಅರ್ಧ ಗಂಟೆಯೊಳಗೆ ಮಗು ಎರಡು ಸಲ ವಾಂತಿ ಮಾಡಿಕೊಂಡು ಬಾಡಿದ ಸೊಪ್ಪಿನಂತೆ ತೋಳಿನ ಮೇಲೆ ಬಿದ್ದುಕೊಂಡಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದು ಮರಳಿದೆವು. ಸಾಣೆಕಲ್ಲನ್ನು ಮಾರನೆಯ ದಿನವೇ ಅಟ್ಟಕ್ಕೆ ಏರಿಸಿದವರು ಆ ಹಿರಿಯರೇ.

ಕೊಡಲೇಬಾರದವು

ಬಜೆಯ ವಿಷಯ ಅಲ್ಲಿಂದಲೇ ಮುಂದುವರಿಸುತ್ತೇನೆ. ಈ ಬೇರಿನಲ್ಲಿ ಬೀಟಾ-ಅಸರೋನ್ ಎಂಬ ವಿಷಕಾರಿ ಅಂಶವಿದೆ. ಅಮೆರಿಕ ಇದನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲಿಯೇ ನಿಷೇಧಿಸಿತು. ಮಗು ಬೇಗ ಮಾತು ಕಲಿಯಲೆಂದು ಬಜೆ ತಿನ್ನಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಕೈಗೆ ಬಜೆಯ ಬಳೆ ಕಟ್ಟುವುದಾದರೂ ಮಗು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆಂಬುದನ್ನು ಮರೆಯಬಾರದು. ನಿದ್ದೆ ಬರಲೆಂದು ತೇಯ್ದು ಕೊಡುವ ಜಾಯಿಕಾಯಿ, ಗಸಗಸೆಯ ನೀರು ಇವೂ ಬೇಡ. ಗಸಗಸೆ ಬೀಜದ ಮೇಲೆ ಅಫೀಮಿನ ಅಂಶ ಉಳಿದಿರಬಹುದು, ಎಳೆಮಗುವಿನ ಉಸಿರಾಟವನ್ನು ನಿಧಾನಗೊಳಿಸುವ ಶಕ್ತಿ ಅದಕ್ಕಿದೆ.

ಬಿರಿಯಾನಿಗೆ ಹಾಕುವ ಚಕ್ರಮೊಗ್ಗನ್ನು ಕೆಲವರು ಗ್ಯಾಸಿಗೆಂದು ಕುದಿಸಿ ಕೊಡುತ್ತಾರೆ. ನೋಡಲು ಥೇಟ್ ಅದರಂತೆಯೇ ಇರುವ ಜಪಾನಿನ ಇನ್ನೊಂದು ಜಾತಿ ನರಗಳಿಗೆ ವಿಷ. ಎರಡೂ ಬೆರಕೆಯಾದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಚಕ್ರಮೊಗ್ಗಿನ ಚಹಾ ಕುಡಿದ ಶಿಶುಗಳಿಗೆ ಫಿಟ್ಸ್ ಬಂದ ಪ್ರಕರಣಗಳ ನಂತರ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2003ರಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅತಿಮಧುರವನ್ನು ಹೆಚ್ಚು ದಿನ ಕೊಟ್ಟರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಸೋಂಪಿನಲ್ಲಿ ಎಸ್ಟ್ರಾಗೋಲ್ ಎಂಬ ಅಂಶವಿರುವ ಕಾರಣ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೋಂಪಿನ ಚಹಾವನ್ನು ಯುರೋಪಿನ ಔಷಧ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಊಟದ ನಂತರ ಎರಡು ಕಾಳು ಸೋಂಪು ಜಗಿಯುವುದಕ್ಕೂ ಅದನ್ನು ದಿನವೂ ಕುದಿಸಿ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಗ್ರೀನ್ ಟೀ ಗಿಡಮೂಲಿಕೆಯ ಚಹಾ ಅಲ್ಲ. ಅದೂ ಚಹಾ ಗಿಡದ ಎಲೆಯೇ, ಅದರಲ್ಲೂ ಕೆಫೀನ್ ಇದೆ.

ಜೇನಿನ ಮಾತನ್ನು ಕೊಡಗಿನವರಿಗೆ ಹೇಳುವುದು ಸ್ವಲ್ಪ ಸಂಕೋಚದ ಕೆಲಸ. ಆದರೂ ಹೇಳಲೇಬೇಕು: ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ, ಕಷಾಯದಲ್ಲೂ ಬೇಡ, ನಾಲಿಗೆಗೆ ಸವರುವುದೂ ಬೇಡ. ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಜೇನಿನಲ್ಲಿ ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ, ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ, ಮಗುವಿನ ಸ್ನಾಯುಗಳು ಸೋಲುತ್ತಾ ಬರುತ್ತವೆ. ಮನೆಯ ಪೆಟ್ಟಿಗೆಯಿಂದಲೇ ತೆಗೆದ ಶುದ್ಧ ಜೇನುತುಪ್ಪವಾದರೂ, ಕಾಯಿಸಿದರೂ, ಈ ಬೀಜಾಣುಗಳು ಸಾಯುವುದಿಲ್ಲ. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸಕ್ಕೋ ಪುಟ್ಟಿಗೋ ಜೇನು ಸುರಿದು ತಿನ್ನುವಾಗ ಇದನ್ನು ನೆನಪಿಡಬೇಕು. ಅರೆಭಾಷೆಯವರು ಆಟಿ ಸೊಪ್ಪು ಎನ್ನುವ ಈ ಎಲೆಯ ನೇರಳೆ ರಸವನ್ನು ಹಸುಗೂಸಿಗೆ ಕುಡಿಸುವ ಅಗತ್ಯವಿಲ್ಲ. ಅನ್ನ ತಿನ್ನುವ ವಯಸ್ಸಿನ ಮಗು ದೊಡ್ಡವರೊಂದಿಗೆ ಎರಡು ತುತ್ತು ತಿಂದರೆ ಅದರ ಮೂತ್ರ ಕೆಂಪಾಗಿ ಬರಬಹುದು. ಅದು ಸೊಪ್ಪಿನ ಬಣ್ಣವೆಂದು ಗೊತ್ತಿರದೆ ರಕ್ತವೆಂದು ಗಾಬರಿಯಾಗಿ ಆಸ್ಪತ್ರೆಗೆ ಓಡುವ ಹೊರ ಊರಿನ ಸೊಸೆಯಂದಿರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಒಂದು ವರ್ಷದ ನಂತರ ಮಾಡುವ ರೀತಿ

ಆರು ತಿಂಗಳಾದ ಮೇಲೆ ಮೇಲೂಟದೊಂದಿಗೆ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕೊಡಬಹುದು. ಅದಕ್ಕೆ ರುಚಿ ಸೇರಿಸುವ ಅವಸರ ಒಂದು ವರ್ಷದವರೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಒಂದು ವರ್ಷ ದಾಟಿದ ಮೇಲೂ ಕಷಾಯವನ್ನು ಆಹಾರವೆಂದೋ ಔಷಧವೆಂದೋ ಎಣಿಸದೆ, ಮಳೆಗಾಲದ ಸಂಜೆಗೆ ಬೆಚ್ಚಗಿನ, ತುಸು ಪರಿಮಳವಿರುವ ನೀರು ಎಂದುಕೊಂಡರೆ ಪ್ರಮಾಣ ತಾನಾಗಿಯೇ ಸರಿಹೋಗುತ್ತದೆ.

ಮೊದಲು ನೀರು. ಮಳೆಗಾಲದಲ್ಲಿ ಬಾವಿ, ತೋಡಿನ ನೀರು ಕದಡಿ ಬರುತ್ತದೆ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗಿಂತ ಮೊದಲೇ ಕುದಿಯುತ್ತದೆ, ಆದರೂ ಒಂದು ನಿಮಿಷ ಸಾಕು.

ಆಮೇಲೆ ಪದಾರ್ಥ. 250 ಮಿಲಿ ಲೀಟರ್ ನೀರಿಗೆ ಕಾಲು ಟೀ ಚಮಚ ಜೀರಿಗೆ, ಬೇಕಿದ್ದರೆ ಅಷ್ಟೇ ಕೊತ್ತಂಬರಿ ಬೀಜ. ದೊಡ್ಡವರ ಕಷಾಯವನ್ನು ನಾಲ್ಕನೆಯ ಒಂದು ಭಾಗಕ್ಕೆ ಬತ್ತಿಸುವುದು ಪದ್ಧತಿ, ಮಗುವಿನದನ್ನು ಬತ್ತಿಸಬಾರದು. ಕುದಿಯುವ ನೀರಿಗೆ ಹಾಕಿದ ಕೂಡಲೇ ಒಲೆಯಿಂದ ಇಳಿಸಿ, ಮುಚ್ಚಿ, ಐದು ನಿಮಿಷ ಬಿಟ್ಟು, ತೆಳ್ಳನೆಯ ಹತ್ತಿ ಬಟ್ಟೆಯಲ್ಲಿ ಸೋಸಬೇಕು. ಒಣಹುಲ್ಲಿನ ಬಣ್ಣ ಬಂದಿದ್ದರೆ ಹದ ಸರಿಯಿದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಅಷ್ಟೇ ನೀರು ಬೆರೆಸಬೇಕು, ಇಲ್ಲವೇ ತಾವು ಕುಡಿದು ಬೇರೆ ಮಾಡಬೇಕು. ಮಜ್ಜಿಗೆ ಹುಲ್ಲು ಮನೆಯಂಗಳದಲ್ಲಿದ್ದರೆ ಒಂದು ಗೇಣುದ್ದದ ಎಲೆಯನ್ನು ಕತ್ತರಿಸದೆ ಗಂಟು ಹಾಕಿ ಬಿಡುವುದು ವಾಸಿ, ಅದರ ಅಂಚು ಹರಿತವಾಗಿರುವುದರಿಂದ ಚೂರು ಉಳಿದರೆ ಗಂಟಲಿಗೆ ಚುಚ್ಚುತ್ತದೆ. ಎರಡು ವರ್ಷ ದಾಟಿದವರಿಗೆ ಒಂದು ದೊಡ್ಡಪತ್ರೆ ಎಲೆ ಅಥವಾ ಎರಡು ತುಳಸಿ ಎಲೆ ಹಾಕುತ್ತೇನೆ. ಶುಂಠಿಯನ್ನು ಕಾಗದದಷ್ಟು ತೆಳುವಾದ ಒಂದು ಬಿಲ್ಲೆಗಿಂತ ಹೆಚ್ಚು ಹಾಕುವುದಿಲ್ಲ. ಕರಿಮೆಣಸು ನಮ್ಮ ತೋಟದ್ದೇ ಆದರೂ ಚಿಕ್ಕ ಮಕ್ಕಳ ಹೊಟ್ಟೆಗೆ ಅದು ಉರಿಯೇ.

ಎಲೆ ಕೀಳುವ ಜಾಗದ ಬಗ್ಗೆ ಒಂದು ಮಾತು. ಕಾಫಿಗೂ ಮೆಣಸಿಗೂ ಮಳೆಗೆ ಮುಂಚೆ, ಮತ್ತೆ ಮಳೆಯ ನಡುವೆ ಬಿಡುವು ಸಿಕ್ಕಾಗ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದು ಮೈಲುತುತ್ತ ಮತ್ತು ಸುಣ್ಣ. ದರೆಯ ಮೇಲೆ, ತೋಟದ ಬೇಲಿಯಲ್ಲಿ ಬೆಳೆದ ತುಳಸಿ, ದೊಡ್ಡಪತ್ರೆಗಳ ಮೇಲೂ ಅದು ಬೀಳುತ್ತದೆ, ಕಳೆನಾಶಕವೂ ಅಷ್ಟೇ. ಮಗುವಿನ ಕಷಾಯಕ್ಕೆ ಬೇಕಾದ ಗಿಡವನ್ನು ಅಡುಗೆಮನೆಯ ಬಾಗಿಲ ಬಳಿ ಕುಂಡದಲ್ಲಿ ಬೇರೆಯಾಗಿಯೇ ಬೆಳೆಸಿಕೊಳ್ಳಬೇಕು.

ಒಂದರಿಂದ ಮೂರು ವರ್ಷದವರಿಗೆ ದಿನಕ್ಕೊಮ್ಮೆ 50ರಿಂದ 60 ಮಿಲಿ ಲೀಟರ್, ನಾಲ್ಕು ದಾಟಿದವರಿಗೆ 100 ಮಿಲಿ ಲೀಟರ್ ಎಂಬುದು ನಮ್ಮ ಮನೆಯ ಅಳತೆ. ಅದೂ ದಿನಾಲೂ ಅಲ್ಲ, ಊಟಕ್ಕೆ ಮುಂಚೆಯಂತೂ ಅಲ್ಲ. ಹೊಸ ಪದಾರ್ಥ ಸೇರಿಸುವಾಗ ಒಂದು ಸಲಕ್ಕೆ ಒಂದೇ ಸೇರಿಸಿ, ಮೂರು ದಿನ ಮೈಮೇಲೆ ದದ್ದು, ವಾಂತಿ, ಭೇದಿ ಏನಾದರೂ ಕಾಣುತ್ತದೆಯೇ ಎಂದು ನೋಡಬೇಕು. ಸ್ಟೀಲ್ ಲೋಟದ ಹೊರಮೈ ಬಿಸಿಯೆನಿಸದಿದ್ದರೂ ಒಳಗಿನದು ನಾಲಿಗೆ ಸುಡುವಷ್ಟಿರಬಹುದು. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು, ಬಿಸಿಯೂ ತಣ್ಣಗೂ ಅನಿಸದಿದ್ದರೆ ಮಾತ್ರ ಕೊಡಬೇಕು. ಫ್ಲಾಸ್ಕಿನಲ್ಲಿ ಇಟ್ಟು ರಾತ್ರಿಗೆ ಕೊಡುವ ಅಭ್ಯಾಸ ಬೇಡ, ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ.

ಸಿಹಿ ಮತ್ತು ಕಾಪಿ

ಎರಡು ವರ್ಷದೊಳಗೆ ಕಷಾಯಕ್ಕೆ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ. ಹಲ್ಲಿಗೆ ಎರಡೂ ಒಂದೇ. ಸಿಹಿ ಕಷಾಯವನ್ನು ಬಾಟಲಿಯಲ್ಲಿ ಹಾಕಿ ಮಲಗಿದ ಮಗುವಿನ ಬಾಯಿಗೆ ಕೊಟ್ಟರೆ ಮೇಲಿನ ಮುಂಹಲ್ಲುಗಳು ಬುಡದಿಂದಲೇ ಕರಗುತ್ತವೆ. 1980ರ ದಶಕದಲ್ಲಿ ಜರ್ಮನಿಯಲ್ಲಿ ಮಕ್ಕಳಿಗೆಂದೇ ಮಾರುತ್ತಿದ್ದ ಸಿಹಿ ಚಹಾ ಪುಡಿಗಳಿಂದ ಹೀಗೆ ಬಹಳ ಮಕ್ಕಳ ಹಲ್ಲು ಹಾಳಾಗಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. ಈಗಲೂ ಇಂಥ ಪೊಟ್ಟಣ ಕೊಳ್ಳುವ ಮುನ್ನ ಹಿಂಬದಿಯ ಸಣ್ಣಕ್ಷರ ಓದಬೇಕು. ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರುಗಳೂ ಸಕ್ಕರೆಯ ನೆಂಟರೇ.

ಕಷಾಯ ಬೇಡವೆಂದರೆ ಮಗುವಿಗೆ ಒಂದು ಗುಟುಕು ಬೆಲ್ಲದ ಕಾಪಿ ಕೊಡುವ ಮನೆಗಳಿವೆ. ಇದಕ್ಕಿಂತ ತೆಳು ಜೀರಿಗೆ ನೀರೇ ಎಷ್ಟೋ ವಾಸಿ. ಕಾಪಿ, ಚಹಾ ಎರಡರಲ್ಲೂ ಕೆಫೀನ್ ಇದೆ, ಜೊತೆಗೆ ಅವುಗಳಲ್ಲಿರುವ ಒಗರು ಅಂಶ ರಾಗಿ, ಸೊಪ್ಪು, ಬೇಳೆಗಳ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಊಟದ ಜೊತೆ ಕೊಡಗಿನ ಕಿತ್ತಳೆಯ ನಾಲ್ಕು ತೊಳೆ ಕೊಟ್ಟರೆ ಕಬ್ಬಿಣಾಂಶ ಹೀರಿಕೊಳ್ಳಲು ಅದು ನೆರವಾಗುತ್ತದೆ.

ಕಷಾಯ ಬದಿಗಿಡಬೇಕಾದ ಹೊತ್ತು

ಭೇದಿಯಾಗುವಾಗ ಓಮದ ಕಷಾಯ ಮಾಡುತ್ತಾ ಕೂರಬಾರದು. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಬೆರೆಸಿ, ಪ್ರತಿ ಸಲ ಭೇದಿಯಾದ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ ಲೀಟರ್, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿ ಲೀಟರ್ ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಮುಚ್ಚಿದ್ದನ್ನು ಕಂಡವರು ಮೇ ತಿಂಗಳಲ್ಲೇ ನಾಲ್ಕು ಪೊಟ್ಟಣ ತಂದಿಟ್ಟುಕೊಳ್ಳುತ್ತಾರೆ.

ಎರಡು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಯಾವ ವಯಸ್ಸಿನ ಮಗುವಾದರೂ ಹಾಲು ನೀರು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ತಡಮಾಡಬಾರದು. ಕೆಮ್ಮು ಶೀತವಿದ್ದಾಗ ಉಸಿರನ್ನು ಎಣಿಸುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ನಿಮಿಷಕ್ಕೆ ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಮೀರಿದ್ದರೆ ಅದು ನ್ಯುಮೋನಿಯಾ ಆಗಿರಬಹುದು. ತೋಟದೊಳಗಿನ ಮನೆಯವರು ಕತ್ತಲಾಗುವ ಮುನ್ನವೇ 108ಕ್ಕೆ ಕರೆ ಮಾಡಿ ಹೊರಡಬೇಕು. ಎಣಿಸುವಾಗ ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ, ಹೊಟ್ಟೆ ಏರಿ ಇಳಿಯುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು.