ಶೆಡ್ಡಿನ ಮಕ್ಕಳಿಗೆ ಪಾಠ ಹೇಳಲು ಹೊರಟ ಹೊಸ ಟೀಚರಿಗೆ

ಬೆಂಗಳೂರಿನ ಥಣಿಸಂದ್ರ, ಹೆಣ್ಣೂರು, ಸರ್ಜಾಪುರ ರಸ್ತೆ ಕಡೆ ಅಪಾರ್ಟ್‌ಮೆಂಟ್ ಏಳುತ್ತಿರುವ ಜಾಗದ ಪಕ್ಕದಲ್ಲಿ ನೀಲಿ ಟಾರ್ಪಾಲು ಹೊದೆಸಿದ ಶೆಡ್ಡುಗಳ ಸಾಲು ಕಾಣುತ್ತದಲ್ಲ, ನೀವು ಪಾಠ ಹೇಳಲು ಹೋಗುವುದು ಅಲ್ಲಿಗೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರ ಮಕ್ಕಳು. ಕೆಲವರಿಗೆ ಊರಲ್ಲಿ ಬೀಗ ಹಾಕಿದ ಮನೆಯಿದೆ, ಕೆಲವರಿಗೆ ಅದೂ ಇಲ್ಲ. ಇಲ್ಲಂತೂ ಕಟ್ಟಡ ಎದ್ದು ನಿಂತ ದಿನ ಶೆಡ್ಡು ಬೀಳುತ್ತದೆ.

ಇಂಥ ಕಡೆ ನಡೆಯುವ ಟೆಂಟ್ ಶಾಲೆಗಳಲ್ಲೇ ನಾನು ಪಾಠ ಮಾಡಿಕೊಂಡು ಬಂದವಳು. ಹೊಸದಾಗಿ ಸೇರಿದವರು ಮೊದಲು ಕೇಳುವುದು, "ಅಕ್ಕಾ, ಪೋರ್ಷನ್ ಹೇಗೆ ಮುಗಿಸ್ತೀರಿ?" ಅಂತ. ಪೋರ್ಷನ್ ಯೋಚನೆ ಆಮೇಲೆ. ಇವತ್ತು ಶುರು ಮಾಡಿದ್ದು ಇವತ್ತೇ ಮುಗಿಯಬೇಕು, ನಿಮ್ಮ ತಯಾರಿಯೆಲ್ಲ ಇದರ ಸುತ್ತ ಇರಲಿ. ಸ್ಲ್ಯಾಬ್ ಕೆಲಸ ಮುಗಿಯಿತು ಅಂತ ಮೇಸ್ತ್ರಿ ರಾತ್ರಿ ಹೇಳಿದರೆ, ಬೆಳಿಗ್ಗೆ ಟೆಂಪೋ ಬಂದು ಪಾತ್ರೆ, ಹಾಸಿಗೆ, ಮಕ್ಕಳನ್ನೆಲ್ಲ ಹೇರಿಕೊಂಡು ಹೊರಟುಬಿಡುತ್ತದೆ. ಅರ್ಧ ಪಾಠ ಕಲಿತ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಪದ ಪೂರ್ತಿ ಓದಲು ಬಂದ ಮಗು ಎಲ್ಲಿಗೆ ಹೋದರೂ ಅದು ಅದರದೇ.

ಮೊದಲ ದಿನ ಪಾಠಕ್ಕೆ ಹೋಗಬೇಡಿ, ಮೇಸ್ತ್ರಿಯನ್ನು ನೋಡಲು ಹೋಗಿ. ಹತ್ತಾರು ಕುಟುಂಬಗಳನ್ನು ಊರಿಂದ ಕರೆತಂದವನು ಅವನೇ, ಮುಂದಿನ ಸೈಟಿಗೆ ಕರೆದೊಯ್ಯುವವನೂ ಅವನೇ. ಅವನ ನಂಬರ್ ಬರೆದಿಟ್ಟುಕೊಳ್ಳಿ. ಅಪ್ಪಂದಿರ ಸಿಮ್ ರೀಚಾರ್ಜ್ ಇಲ್ಲದೆ ಕಟ್ಟಾಗಿ ನಂಬರ್ ಬದಲಾಗುತ್ತಿರುತ್ತದೆ, ಮೇಸ್ತ್ರಿಯ ನಂಬರ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಆಮೇಲೆ ಸಂಜೆ, ಒಲೆ ಹಚ್ಚುವ ಹೊತ್ತಿಗೆ, ತಾಯಂದಿರ ಹತ್ತಿರ ಹೋಗಿ ಕೂತುಕೊಳ್ಳಿ. ಚಹಾ ಕೊಟ್ಟರೆ ಕುಡಿಯಿರಿ. "ಮಕ್ಕಳನ್ನ ಯಾಕೆ ಕಳಿಸಲ್ಲ" ಅಂತ ವಿಚಾರಣೆ ಮಾಡುವ ಧಾಟಿ ಬೇಡ. ಅವರಲ್ಲಿ ಬಹುಪಾಲು ಮಂದಿ ಮಕ್ಕಳು ಓದಬೇಕು ಅಂತಲೇ ಬಯಸುವವರು. ಎಷ್ಟು ಗಂಟೆಗೆ ಕೆಲಸಕ್ಕೆ ಹೋಗುತ್ತಾರೆ, ಟ್ಯಾಂಕರ್ ಯಾವಾಗ ಬರುತ್ತದೆ, ಬಟವಾಡೆ ಯಾವ ವಾರ, ಸಂತೆ ಎಂದು ಅಂತ ತಿಳಿದುಕೊಳ್ಳಿ. ಟ್ಯಾಂಕರ್ ಬಂದ ಹೊತ್ತಿಗೆ ತರಗತಿ ಇಟ್ಟರೆ ಎಲ್ಲ ಮಕ್ಕಳೂ ಕೊಡ ಹಿಡಿದು ಅಲ್ಲೇ ನಿಂತಿರುತ್ತಾರೆ, ಅದು ಅವರ ತಪ್ಪಲ್ಲ.

ಕಂಕುಳಲ್ಲಿ ಕೂಸಿದ್ದ ಹುಡುಗಿಯನ್ನು ವಾಪಸ್ ಕಳಿಸಬೇಡಿ. ಹತ್ತು ವರ್ಷದ ಅಕ್ಕ ತಮ್ಮನನ್ನು ನೋಡಿಕೊಂಡರೇ ಅಮ್ಮ ಬಾಂಡ್ಲಿ ಹೊರಲು ಹೋಗಲು ಸಾಧ್ಯ. ಕೂಸಿಗೆ ಜಾಗವಿಲ್ಲ ಅಂದರೆ ಆ ಹುಡುಗಿಗೂ ಶಾಲೆ ಇಲ್ಲ. ಒಂದು ಮೂಲೆಯಲ್ಲಿ ಚಾಪೆ ಹಾಸಿ, ನಾಲ್ಕು ಆಟದ ಸಾಮಾನು ಇಡಿ, ಅತ್ತರೆ ಅಳಲಿ. ಜೊತೆಗೇ ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಿ. ಕಾರ್ಮಿಕ ಕಾನೂನಿನ ಪ್ರಕಾರ 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಒದಗಿಸಬೇಕು. ಸೈಟ್ ಎಂಜಿನಿಯರ್ ಹತ್ತಿರ ಈ ಮಾತು ಎತ್ತಲು ಹಿಂಜರಿಯಬೇಡಿ.

ಇನ್ನು ಪಾಠ. ಒಂದೇ ಚಾಪೆಯ ಮೇಲೆ ಆರು ವರ್ಷದವನೂ ಹದಿಮೂರು ವರ್ಷದವಳೂ ಕೂತಿರುತ್ತಾರೆ. ಒಬ್ಬರು ಮೂರನೇ ಕ್ಲಾಸಿನವರೆಗೆ ಊರಲ್ಲಿ ಓದಿದವರು, ಇನ್ನೊಬ್ಬರು ಸ್ಲೇಟನ್ನೇ ಹಿಡಿದಿಲ್ಲ. ಇಂಥ ಕಡೆ ನಲಿ-ಕಲಿಯಷ್ಟು ಕೈಹಿಡಿಯುವುದು ಬೇರೆ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಪದ್ಧತಿ ಅದು. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದಲೇ ಕಾರ್ಡು ಹಿಡಿದು ಮುಂದೆ ಹೋಗುತ್ತದೆ, ವಾರ ತಪ್ಪಿಸಿ ಬಂದರೂ ಬಿಟ್ಟ ಕಾರ್ಡಿನಿಂದಲೇ ಶುರು. ಅದರಲ್ಲಿ ಅಕ್ಷರಗಳು ಅ ಆ ಇ ಈ ಅಂತ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಕೊಂಬು ದೀರ್ಘದ ಗೋಜಿಲ್ಲದೆ ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ.

ನಾನು ಗರಗಸದಿಂದ ಶುರು ಮಾಡುತ್ತೇನೆ. ಸೆಂಟ್ರಿಂಗ್ ಕೆಲಸದವರು ಹಲಗೆ ಕೊಯ್ಯುವ ಸದ್ದು ಪಕ್ಕದಲ್ಲೇ ಇರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಅಕ್ಷರ ದೊಡ್ಡದಾಗಿ ಬರೆದು, ಒಂದೊಂದರ ಮೇಲೂ ಕುಪ್ಪಳಿಸುತ್ತಾ ಹೇಳಿಸುತ್ತೇನೆ: ಗ, ರ, ಸ. ಆಮೇಲೆ ಗ-ರ-ಗ-ಸ ಅಂತ ಕುಪ್ಪಳಿಸಬೇಕು, ಮೊದಲು ನಿಧಾನ, ಆಮೇಲೆ ಬೇಗ. ಸುರಪುರದ ಕಡೆಯ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಕುಪ್ಪಳಿಸುತ್ತಿದ್ದಳು. ನಾಲ್ಕನೇ ಸಲ ಗಕ್ಕನೆ ನಿಂತು, "ಟೀಚರ್, ಇದು ನಮ್ಮ ಕಾಕಾನ ಹತ್ರ ಐತ್ರಿ!" ಅಂದಳು. ಓದುವುದು ಎಂದರೆ ಅದೇ. ಅವಳು ಮನೆಗೆ ಹೋಗುವ ಮುಂಚೆ ಆ ಪದವನ್ನು ಒಂದು ಚೀಟಿಯಲ್ಲಿ ಅವಳ ಕೈಯಿಂದಲೇ ಬರೆಸಿ ಕೊಟ್ಟೆ. ನೀವೂ ಹಾಗೇ ಮಾಡಿ, ದಿನಕ್ಕೊಂದು ಚೀಟಿ ಮನೆಗೆ ಹೋಗಲಿ.

ಮಕ್ಕಳು "ಐತ್ರಿ", "ಹೊಂಟೀನ್ರಿ" ಅಂದರೆ ತಿದ್ದಬೇಡಿ, ಬೇರೆಯವರು ನಗದಂತೆ ನೋಡಿಕೊಳ್ಳಿ. ತಾಂಡಾದಿಂದ ಬಂದವರಿದ್ದರೆ ಮನೆಮಾತು ಲಂಬಾಣಿ, ಇನ್ನು ಕೆಲವರದು ತೆಲುಗು, ಉರ್ದು. ಕಥೆ ಹೇಳುವಾಗ ಅವರ ಮಾತಿನ ಪದವನ್ನೂ ಕೇಳಿ ಸೇರಿಸಿಕೊಳ್ಳಿ.

ಲೆಕ್ಕದಲ್ಲಿ ಈ ಮಕ್ಕಳು ಗಟ್ಟಿ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವವರು ಅವರೇ. ಸಿಮೆಂಟ್ ಚೀಲ 50 ಕೆ.ಜಿ. ಎನ್ನುವುದು ಗೊತ್ತು, 8 ಎಂಎಂ, 12 ಎಂಎಂ, 16 ಎಂಎಂ ಕಂಬಿ ನೋಡಿದ ಕೂಡಲೇ ಹೇಳುತ್ತಾರೆ. ಗಾರೆಗೆ ಒಂದಕ್ಕೆ ಆರು ಅಂತ ಅಪ್ಪ ಕಲಸುವುದನ್ನು ದಿನಾ ನೋಡುತ್ತಾರೆ, ಹಾಗಿದ್ದರೆ ಮೂರು ಪುಟ್ಟಿ ಸಿಮೆಂಟಿಗೆ ಎಷ್ಟು ಪುಟ್ಟಿ ಮರಳು? ಬಾಯಲ್ಲಿ ಸರಸರ ಉತ್ತರ ಬರುತ್ತದೆ. ಬರದೇ ಇರುವುದು ಅದನ್ನು ಸ್ಲೇಟಿನ ಮೇಲೆ ಬರೆಯುವುದು. ನಿಮ್ಮ ಕೆಲಸ ಅಷ್ಟೇ.

ಹೋಂವರ್ಕ್ ಕೊಡಬೇಡಿ. ಶೆಡ್ಡಿನಲ್ಲಿ ಬೆಳಕು ಸಾಲದು, ಮಳೆ ಬಂದರೆ ನೋಟ್‌ಬುಕ್ ಒದ್ದೆ. ಪುಸ್ತಕ, ಪೆನ್ಸಿಲ್ಲು ಶಾಲೆಯ ಟ್ರಂಕಿನಲ್ಲೇ ಇರಲಿ, ಆದರೆ ಪ್ರತಿಯೊಂದರ ಮೇಲೂ ಮಗುವಿನ ಹೆಸರಿರಲಿ. "ನಿಮ್ಮ ಮನೆಯ ಚಿತ್ರ ಬಿಡಿಸಿ" ಅನ್ನುವ ಪಾಠವನ್ನು ಮೊದಮೊದಲು ಮುಟ್ಟಬೇಡಿ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ, ಬೆಳಿಗ್ಗೆ ಏನು ತಿಂದೆ ಅಂತ ಎಲ್ಲರ ಎದುರು ಕೇಳದೆ ಮೊದಲು ಏನಾದರೂ ತಿನ್ನಲು ಕೊಡಿ. ಹತ್ತಿರದ ಸರ್ಕಾರಿ ಶಾಲೆಗೆ ನಿಮ್ಮ ಮಕ್ಕಳನ್ನು ಸೇರಿಸಿದರೆ ಬಿಸಿಯೂಟ, ಕ್ಷೀರಭಾಗ್ಯದ ಹಾಲು ಎರಡೂ ಅವರ ಹಕ್ಕು.

ಸೇರಿಸುವುದೇ ಗುರಿಯಾಗಿರಲಿ. ಟೆಂಟ್ ಶಾಲೆ ದಾರಿ ಮಾತ್ರ. ಎಷ್ಟೋ ಕಡೆ "ಜನನ ಪ್ರಮಾಣಪತ್ರ ತನ್ನಿ, ಟಿ.ಸಿ. ತನ್ನಿ, ಆಧಾರ್ ತನ್ನಿ, ಮುಂದಿನ ಜೂನ್‌ಗೆ ಬನ್ನಿ" ಎನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರತಿ ಚೀಲದಲ್ಲಿಟ್ಟುಕೊಂಡು ಹೋಗಿ. ಸೆಕ್ಷನ್ 14: ವಯಸ್ಸಿನ ದಾಖಲೆ ಇಲ್ಲ ಅಂತ ದಾಖಲಾತಿ ನಿರಾಕರಿಸುವಂತಿಲ್ಲ. ಸೆಕ್ಷನ್ 15: ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು. ಸೆಕ್ಷನ್ 5: ಟಿ.ಸಿ. ತಡವಾಯಿತು ಅನ್ನುವುದು ಕಾರಣವಲ್ಲ. ಸೆಕ್ಷನ್ 4: ವಯಸ್ಸಿಗೆ ತಕ್ಕ ತರಗತಿ, ಹಿಂದುಳಿದಿದ್ದರೆ ವಿಶೇಷ ತರಬೇತಿ. ಶಾಲೆ ಸೇರಲು ಆಧಾರ್ ಕಡ್ಡಾಯವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಜಗಳ ಬೇಡ, ಹೆಡ್‌ಮೇಷ್ಟ್ರ ಮೇಜಿನ ಮೇಲೆ ಪುಟ ತೆರೆದಿಟ್ಟು ಕೇಳಿ. ಅದಕ್ಕೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ.

ಮಗು ತನಗಾದ ಕೆಟ್ಟ ಅನುಭವವನ್ನು ನಿಮ್ಮ ಹತ್ತಿರ ಹೇಳುವ ದಿನ ಬರಬಹುದು. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಏಕೆಂದರೆ ಲೈಂಗಿಕ ದೌರ್ಜನ್ಯವಾದರೆ ಪೋಕ್ಸೋ ಕಾಯ್ದೆಯ ಪ್ರಕಾರ ನೀವು ಪೊಲೀಸರಿಗೆ ತಿಳಿಸಲೇಬೇಕು. "ಇದನ್ನ ಸರಿಮಾಡೋ ಜನರಿಗೆ ಮಾತ್ರ ಹೇಳ್ತೀನಿ" ಅನ್ನಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಅಂದೇ ಬರೆದಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಪ್ಪ ಅಮ್ಮ ಇಲ್ಲದೆ ಒಂಟಿಯಾಗಿ ಅಲೆಯುವ ಮಗು ಸಿಕ್ಕಿದರೂ ಅದೇ ನಂಬರ್, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಯಾವ ಕಾರಣಕ್ಕೂ ಮಗುವನ್ನು ನಿಮ್ಮ ಮನೆಗೆ ಕರೆದೊಯ್ಯಬೇಡಿ.

ಹುಟ್ಟುಹಬ್ಬದ ಕೇಕು ಹಿಡಿದು, ಫೋಟೋ ತೆಗೆಯಲು ಬರುವವರನ್ನು ಒಳಗೆ ಬಿಡಬೇಡಿ. ಸಹಾಯ ಮಾಡುವ ಮನಸ್ಸಿದ್ದರೆ ಮಕ್ಕಳಿಲ್ಲದ ಹೊತ್ತಿನಲ್ಲಿ ಬಂದು ಸ್ಲೇಟು, ಚಾಪೆ ಕೊಟ್ಟು ಹೋಗಲಿ. ಅಪರಿಚಿತರ ಎದುರು ಹಾಡಿ, ಕೈಮುಗಿದು ಬಿಸ್ಕತ್ತು ತೆಗೆದುಕೊಳ್ಳುವುದು ಯಾವ ಮಗುವಿಗೂ ಬರಬಾರದ ಅಭ್ಯಾಸ. ಈ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಒಳಗಾಗುವುದಿಲ್ಲ.

ಯುಗಾದಿ, ಊರ ಜಾತ್ರೆ, ಮುಂಗಾರು ಶುರುವಾಗುವ ಹೊತ್ತು, ಈ ಸಮಯದಲ್ಲಿ ಶೆಡ್ಡುಗಳು ಖಾಲಿಯಾಗುತ್ತವೆ. ಅದಕ್ಕೆ ಮೊದಲ ವಾರದಿಂದಲೇ ತಯಾರಾಗಿ. ಪ್ರತಿ ಮಗುವಿನ ಊರು, ಹೋಬಳಿ, ತಾಲ್ಲೂಕು, ಅಲ್ಲಿನ ಶಾಲೆಯ ಹೆಸರು ಬರೆದಿಡಿ. ಒಂದು ಹಾಳೆಯ ಮೇಲೆ ಮಗು ಓದುವುದು ಎಲ್ಲಿವರೆಗೆ, ಲೆಕ್ಕ ಎಲ್ಲಿವರೆಗೆ, ಎಸ್‌ಎಟಿಎಸ್ ಸಂಖ್ಯೆ (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಕೊಡುವ ನಂಬರ್) ಇದ್ದರೆ ಅದು, ನಿಮ್ಮ ಫೋನ್ ನಂಬರ್, ಇಷ್ಟು ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡಿ, ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಲಿ. ಪ್ರತಿ ತಿಂಗಳೂ ಹೊಸದಾಗಿ ಬರೆಯಿರಿ, ಹೊರಡುವ ದಿನಕ್ಕೆ ಕಾಯಬೇಡಿ. ಹೋದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿ ಎಲ್ಲಿಳಿದರು ಅಂತ ಕೇಳಿ. ಊರಿಗೇ ಹೋಗಿದ್ದರೆ ಅಲ್ಲಿನ ಶಾಲೆಯ ಮುಖ್ಯಶಿಕ್ಷಕರಿಗೆ, ಬೇರೆ ಸೈಟಿಗೆ ಹೋಗಿದ್ದರೆ ಆ ಭಾಗದ ಸಿಆರ್‌ಪಿಗೆ (ಸುತ್ತಲಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಮಗುವಿನ ಹೆಸರು ಹೇಳಿ, ಹಾಳೆ ತಾಯಿಯ ಹತ್ತಿರ ಇದೆ ಎಂದು ತಿಳಿಸಿ. ವಾರ ಬಿಟ್ಟು ಇನ್ನೊಮ್ಮೆ ಫೋನ್ ಮಾಡಿ, ಮಗು ಶಾಲೆಗೆ ಬಂತಾ ಅಂತ ಕೇಳಿ.