ಸಣ್ಣ ಊರಿನ ಚೈನೀಸ್ ಹೋಟೆಲಿಗೆ ಕಾರು ತಿರುಗಿಸುವ ಮುನ್ನ

ಅಮೆರಿಕದಲ್ಲಿ ಕಾರಿನಲ್ಲಿ ದೂರ ಹೊರಟಾಗ ಕಟ್ಟಿಕೊಂಡು ಬಂದ ಚಿತ್ರಾನ್ನ ಮೊದಲ ರೆಸ್ಟ್ ಏರಿಯಾದಲ್ಲೇ ಖಾಲಿಯಾಗುತ್ತೆ. ಆಮೇಲೆ ಯಾವ ಎಕ್ಸಿಟ್ ತಗೊಂಡರೂ ಅದೇ ಬರ್ಗರ್, ಅದೇ ಸ್ಯಾಂಡ್‌ವಿಚ್. ನಮ್ಮ ಮನೆಯಲ್ಲಿ ನಾನು ಕೋಳಿ ತಿನ್ನುತ್ತೇನೆ, ಮಗಳಿಗೆ ಮೊಟ್ಟೆ ನಡೆಯುತ್ತೆ, ಹೆಂಡತಿ ಎರಡನ್ನೂ ಮುಟ್ಟುವುದಿಲ್ಲ. ಈ ಮೂವರನ್ನೂ ಒಂದೇ ಮೇಜಿಗೆ ಕೂರಿಸಿ ಬಿಸಿ ಅನ್ನ ಬಡಿಸುವ ಜಾಗ ಅಂದರೆ ಊರೊಳಗಿನ ಚೈನೀಸ್ ಹೋಟೆಲು. ಈಗೀಗ ಊಟದ ಜಾಗ ಮೊದಲು ನೋಡಿಕೊಂಡು ಆಮೇಲೆ ದಾರಿ ಗೊತ್ತು ಮಾಡುವ ಮಟ್ಟಕ್ಕೆ ಬಂದಿದ್ದೇನೆ.

ಇಂಟರ್‌ಸ್ಟೇಟ್ ಹೆದ್ದಾರಿಗಳ ಬದಿಯ ನೀಲಿ ಬೋರ್ಡುಗಳಲ್ಲಿ ಈ ಹೋಟೆಲುಗಳ ಹೆಸರು ಕಾಣುವುದು ಅಪರೂಪ. ಆ ಬೋರ್ಡಿಗೆ ದುಡ್ಡು ಕಟ್ಟಬೇಕು, ದೊಡ್ಡ ಚೈನ್‌ಗಳು ಕಟ್ಟುತ್ತವೆ. ಹಾಗಾಗಿ ಅರ್ಧ ಗಂಟೆ ಮುಂದೆ ಯಾವ ಊರು ಬರುತ್ತೆ ಅಂತ ಮ್ಯಾಪಿನಲ್ಲಿ ನೋಡಿಕೊಳ್ಳುತ್ತೇನೆ. ಕೌಂಟಿ ಕಚೇರಿ ಇರುವ ಊರಾದರೆ, ನಮ್ಮ ತಾಲೂಕು ಕೇಂದ್ರದಂಥದ್ದು, ಒಂದಾದರೂ ಇದ್ದೇ ಇರುತ್ತೆ ಅನ್ನುವ ನಂಬಿಕೆ ನನ್ನದು. ರಿವ್ಯೂಗಳ ನಕ್ಷತ್ರ ಎಣಿಸುವುದಿಲ್ಲ, ಗಿರಾಕಿಗಳು ಹಾಕಿದ ಫೋಟೋ ನೋಡುತ್ತೇನೆ: ಬ್ರಾಕೊಲಿ ಹಸಿರಾಗಿದೆಯೋ, ಬೆಂದು ಬೆಂದು ಖಾಕಿ ಬಣ್ಣಕ್ಕೆ ತಿರುಗಿದೆಯೋ. ಅಡುಗೆಮನೆಯ ಹಣೆಬರಹ ಅಷ್ಟರಲ್ಲೇ ಗೊತ್ತಾಗುತ್ತೆ. ಆಮೇಲೆ ಒಂದು ಫೋನ್. ಸೋಮವಾರವೋ ಮಂಗಳವಾರವೋ ಬಾಗಿಲು ಹಾಕುವವರಿದ್ದಾರೆ. ಆದರೆ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ದಿನ ಇಡೀ ಊರು ಬಾಗಿಲು ಹಾಕಿಕೊಂಡಿರುವಾಗ ತೆರೆದಿರುವುದೂ ಬಹಳ ಸಲ ಇದೊಂದೇ.

ಎಲ್ಲಿಂದ ಬಂದರು ಇವರು, ಜೋಳದ ಹೊಲದ ನಡುವಿನ ಊರಿಗೆ? ಕಾನೂನಿನ ಕಥೆ ಅದು. 1882ರ ಕಾಯ್ದೆ ಚೀನಾದ ಕೂಲಿಕಾರ್ಮಿಕರಿಗೆ ಅಮೆರಿಕದ ಬಾಗಿಲು ಮುಚ್ಚಿತು, ವ್ಯಾಪಾರಿಗಳು, ವಿದ್ಯಾರ್ಥಿಗಳಂಥ ಕೆಲವರಿಗೆ ಮಾತ್ರ ವಿನಾಯಿತಿ ಇತ್ತು. 1915ರ ಕೋರ್ಟ್ ತೀರ್ಪೊಂದು ಹೋಟೆಲ್ ಮಾಲೀಕರನ್ನೂ ಆ ವ್ಯಾಪಾರಿಗಳ ಸಾಲಿಗೆ ಸೇರಿಸಿತು. ಹೋಟೆಲ್ ತೆಗೆದರೆ ಊರಿನಿಂದ ನಂಟರಿಷ್ಟರನ್ನು ಕರೆಸಿಕೊಳ್ಳಬಹುದು ಅಂತಾದ ಮೇಲೆ ಕೇಳಬೇಕೇ. ಕಾಯ್ದೆ ರದ್ದಾಗಿದ್ದು 1943ರಲ್ಲಿ. ಆ ಕಾಯ್ದೆ ಬರುವ ಮುಂಚೆಯೇ ರೈಲು ಹಳಿ, ಗಣಿ ಕೆಲಸಕ್ಕೆ ಬಂದವರ ಗುರುತು ಪಶ್ಚಿಮದ ಊರುಗಳಲ್ಲಿ ಇನ್ನೂ ಇದೆ. ಮೊಂಟಾನಾದ ಬ್ಯೂಟ್ ತಾಮ್ರದ ಗಣಿಯ ಊರು, ಐ-90 ಮತ್ತು ಐ-15 ಇಂಟರ್‌ಸ್ಟೇಟ್‌ಗಳು ಕೂಡುವ ಕಡೆ ಇದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕಡೆ ಹೋಗುವವರು ಅಲ್ಲಿಯ ಪೀಕಿನ್ ನೂಡಲ್ ಪಾರ್ಲರ್ ನೋಡಿ. 1911ರಿಂದ ನಡೆಯುತ್ತಿದೆ. ಮೆಟ್ಟಿಲು ಹತ್ತಿ ಹೋದರೆ ಕಿತ್ತಳೆ ಬಣ್ಣದ ಮರದ ಗೂಡುಗಳು, ಒಂದೊಂದಕ್ಕೂ ಪರದೆ. 2023ರಲ್ಲಿ, ಹೋಟೆಲು, ಬಾಣಸಿಗರಿಗೆ ಪ್ರಶಸ್ತಿ ಕೊಡುವ ಜೇಮ್ಸ್ ಬಿಯರ್ಡ್ ಸಂಸ್ಥೆ ಇದಕ್ಕೆ 'ಅಮೆರಿಕಾಸ್ ಕ್ಲಾಸಿಕ್ಸ್' ಪ್ರಶಸ್ತಿ ಕೊಟ್ಟಿತು.

ಇನ್ನು ಆರ್ಡರ್ ಮಾಡುವ ವಿಷಯ. ಗೋಬಿ ಮಂಚೂರಿ ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಕಾಲಿಡಬೇಡಿ. ಅದು ನಮ್ಮ ದೇಶದ ಸೃಷ್ಟಿ, ಇವರು ಅದರ ಹೆಸರನ್ನೂ ಕೇಳಿರುವುದಿಲ್ಲ. ಇಲ್ಲಿಯ ರುಚಿ ಸಿಹಿ ಮುಂದು, ಖಾರ ಹಿಂದು. ಮೆನುವಿನಲ್ಲಿ ಮೆಣಸಿನಕಾಯಿ ಚಿತ್ರ ಇದ್ದರೂ ನಂಬಬೇಡಿ. ಚಿಲ್ಲಿ ಆಯಿಲ್ ಬೇರೆ ಬಟ್ಟಲಲ್ಲಿ ಕೇಳಿ, ಕೊಡುತ್ತಾರೆ. ಕಾರಿನಲ್ಲಿ ಚಟ್ನಿಪುಡಿ ಡಬ್ಬಿ ಇದ್ದರೆ ಇನ್ನೂ ವಾಸಿ.

ಸಸ್ಯಾಹಾರಿಗಳು ಎಚ್ಚರ ತಪ್ಪುವುದು ಮಾಂಸದ ತುಂಡಿನಲ್ಲಲ್ಲ, ರಸದಲ್ಲಿ. 'ವೆಜಿಟೆಬಲ್' ಅಂತ ಬರೆದಿದ್ದರೂ ಬ್ರೌನ್ ಸಾಸ್‌ನಲ್ಲಿ ಆಯಿಸ್ಟರ್ ಅನ್ನುವ ಸಮುದ್ರದ ಚಿಪ್ಪುಜೀವಿಯ ಸಾಸ್ ಇರಬಹುದು, ವೈಟ್ ಸಾಸ್‌ಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಹಾಟ್ ಅಂಡ್ ಸಾರ್ ಸೂಪಿನಲ್ಲಿ ತೋಫು, ಅಂದರೆ ಸೋಯಾ ಪನೀರಿನ ಎಳೆಗಳ ಮಧ್ಯೆ ಹಂದಿಮಾಂಸದ ಎಳೆಗಳೂ ಇರುತ್ತವೆ, ನೋಡಲು ಎರಡೂ ಹೆಚ್ಚುಕಮ್ಮಿ ಒಂದೇ. ಮಾಪೋ ತೋಫುಗೆ ಕೊಚ್ಚಿದ ಮಾಂಸ ಹಾಕುವುದು ರೂಢಿ. ಎಗ್ ರೋಲ್ ಒಳಗೆ ಎಲೆಕೋಸಿನ ಜೊತೆ ಹಂದಿ ಇರುವುದೇ ಹೆಚ್ಚು. ಸ್ಪ್ರಿಂಗ್ ರೋಲನ್ನೂ ಕೇಳಿಯೇ ತಗೊಳ್ಳಿ. 'ನೋ ಮೀಟ್' ಅಂದರೆ ಸಾಲದು, ಸೀಗಡಿ ಹಾಕಿಕೊಟ್ಟಾರು! ನಾನು ಒಂದೊಂದಾಗಿ ಹೇಳುತ್ತೇನೆ: ಕೋಳಿ ಬೇಡ, ಹಂದಿ ಬೇಡ, ಮೀನು ಸೀಗಡಿ ಬೇಡ, ಮೊಟ್ಟೆ ಬೇಡ, ಆಯಿಸ್ಟರ್ ಸಾಸ್ ಬೇಡ, ಚಿಕನ್ ಬ್ರಾತ್ ಬೇಡ. ಇದನ್ನೇ ಚೀನಿ ಲಿಪಿಯಲ್ಲಿ ಬರೆದು ಫೋನಿನಲ್ಲಿಟ್ಟುಕೊಂಡಿದ್ದೇನೆ. ಕೌಂಟರಿನಲ್ಲಿರುವವರು ಅದನ್ನು ಅಡುಗೆಯವರಿಗೆ ತೋರಿಸಿಕೊಂಡು ಬರುತ್ತಾರೆ, ಮಾತಿನ ತೊಡಕೇ ಇಲ್ಲ.

ಹೆಂಡತಿ ಕಂಡುಕೊಂಡ ಉಪಾಯ ಇದಕ್ಕಿಂತ ಸುಲಭದ್ದು. ಮೆನುವಿನ ಕೊನೆಯ ಮೂಲೆಯಲ್ಲಿ ಬಹಳ ಕಡೆ 'ಡಯಟ್ ಮೆನು' ಅಂತ ಒಂದು ಭಾಗ ಇರುತ್ತೆ. ಹಬೆಯಲ್ಲಿ ಬೇಯಿಸಿದ ತೋಫು, ತರಕಾರಿ, ಸಾಸ್ ಪಕ್ಕಕ್ಕೆ. ತೂಕ ಇಳಿಸುವವರಿಗೆ ಮಾಡಿಟ್ಟಿದ್ದು ನಮಗೆ ವರವಾಗಿದೆ. ಪಕ್ಕಕ್ಕೆ ಬಂದ ಸಾಸ್ ಮುಟ್ಟದೆ ಸೋಯಾ ಸಾಸ್, ಚಿಲ್ಲಿ ಆಯಿಲ್, ಚಟ್ನಿಪುಡಿ ಹಾಕಿ ಕಲಸಿದರೆ ಊಟ ಮುಗಿಯಿತು.

ನನಗೆ ಇಷ್ಟದ ಜಾಗ ಅಡುಗೆಮನೆ ಕಾಣುವ ಕೌಂಟರು. ವಾಕ್ ಅನ್ನುವ ಚೈನೀಸ್ ಬಾಣಲೆಯ ಒಲೆಯ ಬೆಂಕಿಯನ್ನು ಅಡುಗೆಯವನು ಮೊಣಕಾಲಿನಿಂದ ಸನ್ನೆಕೋಲು ಒತ್ತಿ ಏರಿಸುತ್ತಾನೆ, ಎರಡು ಕೈಯೂ ಬಾಣಲೆಗೇ ಬೇಕಲ್ಲ. ಭರ್‌ ಅಂತ ಸದ್ದು. ಉದ್ದ ಹಿಡಿಯ ಸೌಟಿನ ತುದಿಯಲ್ಲೇ ಉಪ್ಪು ಇಷ್ಟು, ಸಕ್ಕರೆ ಇಷ್ಟು, ಕದಡಿದ ಕಾರ್ನ್‌ಫ್ಲೋರ್ ಇಷ್ಟು. ಅಳತೆ ಚಮಚ ಎಲ್ಲೂ ಇಲ್ಲ. ಬೀನ್ಸ್ ತಟ್ಟೆಗೆ ಬಿದ್ದ ಮರುಕ್ಷಣ ಒಲೆಯ ಮೇಲಿನ ನಲ್ಲಿ ಬಾಣಲೆಯತ್ತ ತಿರುಗುತ್ತೆ, ಬಿದಿರಿನ ಬ್ರಷ್ಷಿನಿಂದ ಎರಡು ಸುತ್ತು ಉಜ್ಜಿ ನೀರು ಚೆಲ್ಲಿದರೆ ಮುಂದಿನ ಆರ್ಡರಿಗೆ ಸಿದ್ಧ. ಆ ತೊಳೆಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹೆಂಡತಿ ಇಲ್ಲಿ ಉಣ್ಣಲು ಒಪ್ಪಿದ್ದು.

'ಅಸಲಿ ಚೈನೀಸ್ ಅಲ್ಲ ಇದು' ಅಂತ ಮೂಗು ಮುರಿಯುವ ಗೆಳೆಯರಿದ್ದಾರೆ. ಅಸಲಿ ಬೇಕಾದರೆ ದೊಡ್ಡ ನಗರಕ್ಕೆ ಹೋಗಲಿ. ಸಣ್ಣ ಊರಿನಲ್ಲಿ ಕೇಳಬೇಕಾದ್ದು ಆ ಊರಿನವರು ಏನು ತಿನ್ನುತ್ತಾರೆ ಅನ್ನುವುದನ್ನು. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ತೀರಾ ಸಣ್ಣ ಊರಲ್ಲ, ಆದರೆ ಐ-44ರಲ್ಲಿ ಹೋಗುವವರು ತಪ್ಪಿಸಿಕೊಳ್ಳಬಾರದು. ಡೇವಿಡ್ ಲಿಯಾಂಗ್ 1963ರಲ್ಲಿ ಅಲ್ಲಿ ಟೀ ಹೌಸ್ ತೆರೆದರು. ಕರಿದ ಕೋಳಿ ಅಂದರೆ ಪ್ರಾಣ ಬಿಡುವ ಊರಿಗೆ ಕರಿದ ಕೋಳಿಯನ್ನೇ ಕೊಟ್ಟು, ಮೇಲೆ ಆಯಿಸ್ಟರ್ ಸಾಸಿನ ಗ್ರೇವಿ ಸುರಿದು, ಗೋಡಂಬಿ, ಈರುಳ್ಳಿ ಹೂವು ಉದುರಿಸಿದರು. ಅದೇ ಇವತ್ತು ಊರೆಲ್ಲ ಸಿಗುವ ಕ್ಯಾಶ್ಯೂ ಚಿಕನ್. ಬೇರೆ ಊರಿನಲ್ಲಿ ಅದೇ ಹೆಸರಿಗೆ ಬರುವ ಬಾಡಿಸಿದ ಕೋಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದೇ ರಸ್ತೆಯಲ್ಲಿ ಸೇಂಟ್ ಲೂಯಿಸ್ ಕಡೆ ಹೋದರೆ ಸೇಂಟ್ ಪಾಲ್ ಸ್ಯಾಂಡ್‌ವಿಚ್: ಎಗ್ ಫೂ ಯಂಗ್ ಅನ್ನುವ ದಪ್ಪ ಆಮ್ಲೆಟ್ಟು, ಬಿಳಿ ಬ್ರೆಡ್ಡು, ಮಯೋನೀಸ್, ಲೆಟಿಸ್, ಟೊಮೇಟೊ, ಉಪ್ಪಿನಕಾಯಿ ಸೌತೆ. ಮಾಂಸ ಬಿಟ್ಟು ಮಾಡಿಸಿದರೆ ಮಗಳಿಗೆ ಹಬ್ಬ. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್‌ನಲ್ಲಿ ಗರಿಗರಿ ನೂಡಲ್ಸನ್ನು ಗ್ರೇವಿ ಸಮೇತ ಬನ್ನಿನೊಳಗೆ ಹಾಕಿ ಕೊಡುತ್ತಾರೆ. ಕೇಳಲು ವಿಚಿತ್ರ, ತಿನ್ನಲು ಪರವಾಗಿಲ್ಲ.

ಬಫೆಗೆ ಹೋಗುವುದಾದರೆ ಮಧ್ಯಾಹ್ನ ಹನ್ನೆರಡೂಕಾಲಿಗೆ ಹೋಗಿ, ತಟ್ಟೆಗಳು ಖಾಲಿಯಾಗಿ ಹೊಸದಾಗಿ ತುಂಬುವ ಹೊತ್ತು. ಎರಡೂವರೆಗೆ ಹೋದರೆ ದೀಪದ ಕೆಳಗೆ ಒಣಗಿದ್ದೇ ಗತಿ. ಒಂದೇ ಸೌಟು ಹತ್ತು ತಟ್ಟೆಗೆ ಓಡಾಡುವುದರಿಂದ ಕಟ್ಟಾ ಸಸ್ಯಾಹಾರಿಗಳು ಆ ಕಡೆ ತಲೆ ಹಾಕದಿರುವುದೇ ಒಳ್ಳೆಯದು.

ಮೂಲೆಯ ಮೇಜಿನಲ್ಲಿ ಮಕ್ಕಳು ಹೋಮ್‌ವರ್ಕ್ ಮಾಡುತ್ತಿದ್ದರೆ ಮಾಲೀಕರ ಮನೆಯೇ ಹೋಟೆಲು ನಡೆಸುತ್ತಿದೆ ಅಂದುಕೊಳ್ಳುತ್ತೇನೆ. ಅಡುಗೆಯವರು ಮಾತ್ರ ಬೇರೆ ಎಲ್ಲಿಂದಲೋ ಬಂದವರಿರಬಹುದು. ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ಇವರಿಗೆಂದೇ ಕೆಲಸ ಕೊಡಿಸುವ ಏಜೆನ್ಸಿಗಳಿವೆ. ಚೀನಾದ ಫೂಜಿಯನ್ ಪ್ರಾಂತ್ಯದ ಕಡೆಯಿಂದ ಬಂದವರು ಅಲ್ಲಿ ಚೀಟಿ ನೋಡಿ ಬಸ್ಸು ಹತ್ತುತ್ತಾರೆ. ಚೀಟಿಯಲ್ಲಿ ಊರಿನ ಹೆಸರಿಗಿಂತ ಮುಖ್ಯ ಆ ಕಡೆಯ ಫೋನಿನ ಏರಿಯಾ ಕೋಡು, ಸಂಬಳ, ನ್ಯೂಯಾರ್ಕಿನಿಂದ ಎಷ್ಟು ದೂರ ಅನ್ನುವುದು. ಇದು ಗೊತ್ತಾದ ಮೇಲೆ ಕೂತು ತಿಂದರೆ ಇಪ್ಪತ್ತು ಪರ್ಸೆಂಟಿಗೆ ಕಮ್ಮಿ ಟಿಪ್ ಇಡುವುದಿಲ್ಲ, ನಗದಾಗಿಯೇ ಇಡುತ್ತೇನೆ.

ರಾತ್ರಿ ಮೋಟೆಲ್‌ನಲ್ಲಿ ತಂಗುವುದಿದ್ದರೆ ಎಂಟೂವರೆಯೊಳಗೆ ಪಾರ್ಸೆಲ್ ಹೇಳಿಬಿಡಿ. ಸಣ್ಣ ಊರಿನಲ್ಲಿ ಒಂಬತ್ತಕ್ಕೆ ಒಲೆ ಆರಿಸುವವರೇ ಹೆಚ್ಚು. ಬಿಳಿ ಅನ್ನ ಒಂದು ಡಬ್ಬಿ ಹೆಚ್ಚಿಗೆ ತಗೊಳ್ಳಿ, ಮೊಸರು ಗ್ಯಾಸ್ ಸ್ಟೇಷನ್ನಿನಲ್ಲೂ ಸಿಗುತ್ತೆ, ಸಿಹಿ ಹಾಕದ್ದು ನೋಡಿ ತಗೊಳ್ಳಿ. ಹಿಡಿಕೆಯಿರುವ ಆ ಮಡಚಿದ ಕಾಗದದ ಡಬ್ಬಿ 1894ರಲ್ಲಿ ಷಿಕಾಗೋದವರೊಬ್ಬರು ಪೇಟೆಂಟ್ ಮಾಡಿಸಿದ್ದು, ಹಸಿ ಆಯಿಸ್ಟರ್ ಒಯ್ಯಲು ಬಳಸುತ್ತಿದ್ದ ಡಬ್ಬಿಯ ವಂಶದ್ದು. ಬಿಚ್ಚಿ ಹರಡಿದರೆ ತಟ್ಟೆಯಾಗುತ್ತೆ. ತಂತಿ ಹಿಡಿಕೆ ಇದ್ದರೆ ಡಬ್ಬಿ ಮೈಕ್ರೋವೇವ್‌ಗೆ ಇಡುವ ಮುಂಚೆ ಅದನ್ನು ಕಿತ್ತು ತೆಗೆಯಿರಿ.