ಮಳೆ ರಜೆಯಿಂದ ಅನ್ನಾ ಮಣಿಯವರೆಗೆ: ಚಿಕ್ಕ ಮಕ್ಕಳಿಗೆ ಮಹಿಳಾ ವಿಜ್ಞಾನಿಗಳನ್ನು ಪರಿಚಯಿಸಿದ ನನ್ನ ಅನುಭವ

ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ನಮ್ಮಲ್ಲಿ ಹೆಚ್ಚಿನ ಮಕ್ಕಳು ತೋಟದ ಲೈನ್ ಮನೆಗಳಿಂದ ಬರುವವರು. ಮನೆಯಲ್ಲಿ ಯರವ ಭಾಷೆಯನ್ನೋ ಮಲಯಾಳವನ್ನೋ ತಮಿಳನ್ನೋ ಆಡಿ, ಶಾಲೆಗೆ ಸೇರಿದ ಮೇಲೆ ಕನ್ನಡ ಕಲಿಯುವವರು. ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ 'ಮೊದಲ ಮಹಿಳೆ' ಎಂದು ಮುಗಿಯುವ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸುವ ಪದ್ಧತಿ ಎಲ್ಲ ಕಡೆ ಇದೆ. ಏಳು ವರ್ಷದ ಮಗುವಿಗೆ 'ಮೊದಲ' ಎಂಬುದರ ತೂಕ ತಿಳಿಯುವುದಿಲ್ಲ, ಏಕೆಂದರೆ ಅದರ ಹಿಂದಿನ ತಡೆಗಳು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಆ ವಿಜ್ಞಾನಿ ಮಾಡಿದ ಕೆಲಸವನ್ನು ಮೊದಲು ಮಕ್ಕಳ ಕೈಯಲ್ಲಿ ಮಾಡಿಸುವುದು, ಆಮೇಲೆ ಅವರ ಹೆಸರು ಹೇಳುವುದು, ಅವರಿಗೆ ಎದುರಾದ ಅಡೆತಡೆಗಳನ್ನು ಕೊನೆಗೆ, ಅದೂ ನಾಲ್ಕು ಮತ್ತು ಐದನೇ ತರಗತಿಯವರಿಗೆ ಮಾತ್ರ ಹೇಳುವುದು ಎಂಬ ಕ್ರಮವನ್ನು ನಾನು ಇಟ್ಟುಕೊಂಡಿದ್ದೇನೆ.

ಏನನ್ನೂ ಹೇಳಿಕೊಡುವ ಮೊದಲು 'ವಿಜ್ಞಾನಿಯ ಚಿತ್ರ ಬರೆಯಿರಿ' ಎಂದು ಹಾಳೆ ಕೊಡುತ್ತೇನೆ. ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 4,807 ಮಕ್ಕಳಿಂದ ಇದೇ ರೀತಿ ಚಿತ್ರ ಬರೆಸಿದ್ದರು. ಅವರಲ್ಲಿ ಮಹಿಳಾ ವಿಜ್ಞಾನಿಯನ್ನು ಬರೆದವರು 28 ಮಂದಿ ಮಾತ್ರ, ಅವರೆಲ್ಲರೂ ಹುಡುಗಿಯರು. ನಮ್ಮ ತರಗತಿಯಲ್ಲೂ ಗಡ್ಡ, ಕನ್ನಡಕ, ಹೊಗೆಯಾಡುವ ಸೀಸೆಗಳೇ ತುಂಬಿರುತ್ತವೆ. ಆ ಹಾಳೆಗಳ ಬಗ್ಗೆ ಮಕ್ಕಳೆದುರು ಏನೂ ಹೇಳದೆ ಎತ್ತಿಡುತ್ತೇನೆ.

ಕೊಡಗಿನಲ್ಲಿ ಹವಾಮಾನ ವಿಜ್ಞಾನಿ ಅನ್ನಾ ಮಣಿಯವರಿಂದ ಶುರು ಮಾಡುವುದಕ್ಕಿಂತ ಸುಲಭದ ದಾರಿ ಇಲ್ಲ. ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಎಂದರೇನು ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ ಎಂದು ಒಂದನೇ ತರಗತಿಯವರೂ ಹೇಳುತ್ತಾರೆ. ಜೋರು ಮಳೆ ಬರುತ್ತದೆಂದು ಜಿಲ್ಲಾಧಿಕಾರಿಗಳಿಗೆ ಹೇಳಿದವರು ಯಾರು, ಅವರಿಗೆ ಹೇಗೆ ತಿಳಿಯಿತು ಎಂದು ಕೇಳಿದಾಗ ಮಾತ್ರ ತರಗತಿ ಸುಮ್ಮನಾಗುತ್ತದೆ. ನಮ್ಮ ಮಳೆಮಾಪಕದ ಕೆಲಸ ಆರಂಭವಾಗುವುದು ಆಗಲೇ.

ಮೊದಲು ಮಕ್ಕಳ ಮನಸ್ಸಿನಲ್ಲಿರುವ ಒಂದು ಲೆಕ್ಕವನ್ನು ಬಿಡಿಸಬೇಕಾಗುತ್ತದೆ. ದೊಡ್ಡ ಪಾತ್ರೆಯಲ್ಲಿ ಹೆಚ್ಚು ನೀರು ಸಿಗುವುದರಿಂದ ಅಲ್ಲಿ ಹೆಚ್ಚು ಮಳೆ ಬಿದ್ದಿದೆ ಎಂದು ಅವರು ನಂಬಿರುತ್ತಾರೆ. ನೆಟ್ಟಗಿನ ಬದಿಯ ಒಂದು ಲೋಟ, ಅಂಥದ್ದೇ ಒಂದು ಅಗಲವಾದ ಡಬ್ಬ, ಒಂದು ಚೊಂಬು, ಈ ಮೂರನ್ನೂ ಅಂಗಳದಲ್ಲಿ ಮಳೆಗೆ ಇಡುತ್ತೇವೆ. ಲೋಟದಲ್ಲೂ ಡಬ್ಬದಲ್ಲೂ ನೀರಿನ ಎತ್ತರ ಒಂದೇ ಇರುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಚೊಂಬು ಮಾತ್ರ ಮೋಸ ಮಾಡುತ್ತದೆ. ಮಳೆಯನ್ನು ಲೀಟರಿನಲ್ಲಿ ಅಲ್ಲ, ಎತ್ತರದಲ್ಲಿ ಅಳೆಯುತ್ತಾರೆ ಎಂಬುದನ್ನು ನಾನು ಹೇಳುವ ಮೊದಲೇ ಸ್ಕೇಲು ಹಿಡಿದ ಮಗು ಹೇಳಿಬಿಡುತ್ತದೆ.

ನಂತರ ಬದಿ ನೆಟ್ಟಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ನಾನೇ ಕತ್ತರಿಸಿ, ಅದನ್ನು ತಲೆಕೆಳಗಾಗಿ ಆಲಿಕೆಯಂತೆ ಬಾಟಲಿಯೊಳಗೇ ಕೂರಿಸುತ್ತೇನೆ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ತುಂಬಿ, ಅವು ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟವನ್ನು ಸೊನ್ನೆ ಎಂದು ಗುರುತು ಮಾಡಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ಕಲ್ಲಿನಿಂದ ಬಾಟಲಿಗೆ ಭಾರವೂ ಬಂದು, ಗಾಳಿಗೆ ಉರುಳುವುದು ತಪ್ಪುತ್ತದೆ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಗ್ಗೆ 8.30ಕ್ಕೆ ಅಳೆಯುತ್ತದೆ, ಆ ಹೊತ್ತಿಗೆ ನಮ್ಮ ಶಾಲೆ ತೆರೆದಿರುವುದಿಲ್ಲವಾದ್ದರಿಂದ ನಾವು ಪ್ರಾರ್ಥನೆಯ ಗಂಟೆಗೆ ಅಳೆಯುತ್ತೇವೆ. ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತಾಗಿರಬೇಕು.

ನಿಜವಾದ ಪಾಠ ನಡೆಯುವುದು ಗುಂಪುಗಳು ಜಗಳಕ್ಕೆ ಬಿದ್ದಾಗ. ಒಂದು ಗುಂಪು ಬಾಟಲಿಯನ್ನು ಸೂರಿನ ನೀರು ಬೀಳುವಲ್ಲಿ ಇಟ್ಟಿರುತ್ತದೆ, ಇನ್ನೊಂದು ಸಿಲ್ವರ್ ಓಕ್ ಮರದ ಕೆಳಗೆ, ಮತ್ತೊಂದು ಬಯಲಿನಲ್ಲಿ. ಮೂವರಿಗೂ ಬೇರೆ ಬೇರೆ ಅಂಕಿ ಬಂದು, 'ಟೀಚರ್, ಅವರದ್ದು ಸುಳ್ಳು' ಎಂಬ ದೂರು ಬರುತ್ತದೆ. ಆಗ ನಾನು ಅನ್ನಾ ಮಣಿಯವರ ಭಾವಚಿತ್ರವನ್ನು ಬೋರ್ಡಿಗೆ ಅಂಟಿಸುತ್ತೇನೆ. ದೇಶದ ತುಂಬ ಇರುವ ಮಳೆಮಾಪಕ, ಗಾಳಿಮಾಪಕ, ತಾಪಮಾಪಕಗಳೆಲ್ಲ ಒಂದೇ ಅಳತೆಯಲ್ಲಿ ಮಾತನಾಡಬೇಕಾದರೆ ಏನು ಮಾಡಬೇಕು ಎಂಬುದೇ ಇವರ ಮುಂದಿದ್ದ ಪ್ರಶ್ನೆ ಎಂದು ಹೇಳಿದಾಗ, ಆ ಪ್ರಶ್ನೆ ಆಗಲೇ ಮಕ್ಕಳದ್ದೂ ಆಗಿರುತ್ತದೆ. 1948ರಲ್ಲಿ ಹವಾಮಾನ ಇಲಾಖೆ ಸೇರಿದ ಅವರು ಪುಣೆಯ ಉಪಕರಣ ವಿಭಾಗದಲ್ಲಿ ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಒಂದು ಮಾನಕಕ್ಕೆ ತಂದು, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸಲು ದಾರಿ ಮಾಡಿದರು. ಅವರು ಹುಟ್ಟಿದ್ದು 1918ರಲ್ಲಿ, ಕೇರಳದ ಪೀರ್ಮೇಡಿನಲ್ಲಿ. ತಂದೆಗೆ ಏಲಕ್ಕಿ ತೋಟಗಳಿದ್ದವು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ಕೊಟ್ಟ ವಜ್ರದ ಓಲೆಯನ್ನು ಬೇಡವೆಂದು ವಿಶ್ವಕೋಶ ಕೇಳಿದ ಆ ಹುಡುಗಿ, ಮುಂದೆ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಮೇಲೆಯೇ ಸಂಶೋಧನೆ ಮಾಡಿದರು ಎಂಬ ಸಂಗತಿಯನ್ನು ಮಕ್ಕಳು ಮನೆಗೆ ಹೋಗಿ ತಪ್ಪದೆ ಹೇಳುತ್ತಾರೆ.

ಮನೆಯವರಿಗೂ ಈ ಪಾಠ ಹತ್ತಿರವಾಗಿದೆ. ತೋಟಗಳಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು, ಸೆಂಟಿನಲ್ಲೇ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ, ಏಕೆಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಎಷ್ಟು ಸೆಂಟು ಬಿತ್ತು ಎಂಬುದರ ಮೇಲೆ ಆ ವರ್ಷದ ಕಾಫಿ ಫಸಲು ನಿಂತಿರುತ್ತದೆ. ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ತಮ್ಮ ಅಂಕಿಯನ್ನು ಚೀಟಿಯಲ್ಲಿ ಬರೆದು ಕಳುಹಿಸುತ್ತಾರೆ. ಐದನೇ ತರಗತಿಯವರು ಒಂದು ಇಂಚಿಗೆ 25.4 ಮಿಲಿಮೀಟರ್‌ನಂತೆ ಲೆಕ್ಕ ಹಾಕಿ ನಮ್ಮ ಬಾಟಲಿಯೊಂದಿಗೆ ಹೋಲಿಸುತ್ತಾರೆ. ದಶಮಾಂಶದ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಪಠ್ಯಪುಸ್ತಕದಲ್ಲಿ ಸಿಕ್ಕಿಲ್ಲ.

ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರನ್ನು ಪರಿಚಯಿಸಲು ಮೇಜಿನ ಮೇಲೆ ಕಬ್ಬಿನ ತುಂಡು, ಎಳೆ ಬಿದಿರು, ಮೆಕ್ಕೆಜೋಳದ ದಂಟು ಮತ್ತು ಹಳ್ಳದ ಬದಿಯ ಎತ್ತರದ ಹುಲ್ಲನ್ನು ಇಡುತ್ತೇನೆ. ಮಕ್ಕಳು ಗೆಣ್ಣು ಎಣಿಸುತ್ತಾರೆ, ಎಲೆಯ ಬುಡ ದಂಟನ್ನು ಸುತ್ತಿಕೊಂಡಿರುವುದನ್ನು ಬಿಡಿಸಿ ನೋಡುತ್ತಾರೆ, ಎಲೆಯ ನರಗಳು ಉದ್ದಕ್ಕೆ ಸಮಾನಾಂತರವಾಗಿ ಓಡಿರುವುದನ್ನು ಬೆಳಕಿಗೆ ಹಿಡಿದು ಕಾಣುತ್ತಾರೆ. ಮಳೆಗಾಲದಲ್ಲಿ ಕಳಲೆ ಪಲ್ಯ ತಿನ್ನುವ ಮಕ್ಕಳಿಗೆ ಬಿದಿರೂ ಒಂದು ಹುಲ್ಲು ಎಂಬುದು ದೊಡ್ಡ ಸುದ್ದಿ. ಇವೆಲ್ಲ ನೆಂಟರಾದರೆ ಒಂದಕ್ಕೊಂದು ಕೂಡಿಸಬಹುದೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಅವರೇ ಎತ್ತುತ್ತಾರೆ. ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಕಬ್ಬನ್ನು ಮೆಕ್ಕೆಜೋಳದೊಂದಿಗೂ ಇತರ ಹುಲ್ಲುಗಳೊಂದಿಗೂ ಸಂಕರಿಸಿದವರು ಇವರು ಎಂದು ಆಗ ಹೇಳುತ್ತೇನೆ. ಅವರು 1897ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ಅಂದರೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಹೋಗುವ ಊರಿನಲ್ಲಿ. ತರಗತಿಯಲ್ಲಿ ಆ ಕಡೆ ನೆಂಟರಿರುವ ಮಕ್ಕಳು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. 1931ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು, 1977ರಲ್ಲಿ ಪದ್ಮಶ್ರೀ ಬಂತು ಎಂಬುದನ್ನು ನಾನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ನಮ್ಮ ಸಂಪಿಗೆಯ ಹತ್ತಿರದ ನೆಂಟನಾದ ಒಂದು ಮ್ಯಾಗ್ನೋಲಿಯಾ ತಳಿಗೆ ಅವರ ಹೆಸರಿಟ್ಟಿದ್ದಾರೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ.

ಅಡೆತಡೆಯ ಮಾತಿಗೆ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರ ಬದುಕನ್ನು ಆರಿಸಿಕೊಂಡಿದ್ದೇನೆ. ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಅವರನ್ನು, ಹೆಣ್ಣು ಎಂಬ ಕಾರಣಕ್ಕೆ ಆಗಿನ ನಿರ್ದೇಶಕ ರಾಮನ್ ಅವರು ಸೇರಿಸಿಕೊಳ್ಳಲಿಲ್ಲ. ಅವರು ಪಟ್ಟು ಬಿಡದೆ ಕೇಳಿದ ಮೇಲೆ ಒಂದು ವರ್ಷದ ಪರೀಕ್ಷಾರ್ಥ ಷರತ್ತಿನ ಮೇಲೆ ಒಳಗೆ ಬಿಟ್ಟರು. 'ಮಾರ್ಕ್ಸ್ ಜಾಸ್ತಿ ಇದ್ದರೂ ಯಾಕೆ ಟೀಚರ್?' ಎಂದು ಕೇಳುವ ಮಕ್ಕಳಿಗೆ, ವಿಜ್ಞಾನ ದಿನದಂದು ನಾವು ಹಾರ ಹಾಕುವ ರಾಮನ್ ಅವರೇ ಇವರು ಎಂಬುದನ್ನು ನಾನು ಮುಚ್ಚಿಡುವುದಿಲ್ಲ, ಅವರನ್ನು ಖಳನಾಯಕರನ್ನಾಗಿ ಮಾಡುವುದೂ ಇಲ್ಲ. ಕಮಲಾ ಅವರ ಕೆಲಸ ನೋಡಿದ ಮೇಲೆ ಅವರು ಮನಸ್ಸು ಬದಲಿಸಿದರು, 1940ರಲ್ಲಿ ರಾಮನ್ ಅವರ ಪ್ರಯೋಗಾಲಯಕ್ಕೇ ಅನ್ನಾ ಮಣಿ ಬಂದರು ಎಂದು ಇಸವಿಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಯುತ್ತೇನೆ. ಕಮಲಾ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದು ಬಂದು, ಮುಂದೆ 'ನೀರಾ' ಎಂಬ ಮರದ ರಸದ ಪೌಷ್ಟಿಕಾಂಶವನ್ನು ಅಭ್ಯಸಿಸಿದರು ಎಂದಾಗ, ಬೈನೆ ಮರದ ಹೆಂಡ ನೋಡಿ ಬೆಳೆದ ನಮ್ಮ ಮಕ್ಕಳಲ್ಲಿ ನಗು ಏಳುತ್ತದೆ. ನೀರಾ ಎಂದರೆ ಹುಳಿ ಬರುವ ಮುಂಚಿನ ರಸ ಎಂದು ವಿವರಿಸದೆ ಆ ದಿನದ ಪಾಠ ಮುಂದೆ ಸಾಗುವುದಿಲ್ಲ.

ಈಗ ನನ್ನ ಯೋಚನೆ ರಾಜೇಶ್ವರಿ ಚಟರ್ಜಿಯವರ ಸುತ್ತ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿ, ಮೈಕ್ರೋವೇವ್ ಮತ್ತು ಆಂಟೆನಾ ಕ್ಷೇತ್ರದಲ್ಲಿ ದುಡಿದ ಅವರ ಕೆಲಸವನ್ನು ಎಂಟು ವರ್ಷದವರ ಕೈಗೆ ಹೇಗೆ ಕೊಡುವುದೆಂದು ಹುಡುಕುತ್ತಿದ್ದೇನೆ. ಫೋನಿಗೆ ರೇಂಜ್ ಸಿಗಬೇಕಾದರೆ ಗುಡ್ಡ ಹತ್ತಬೇಕಾದ ಊರಿನಲ್ಲಿ ಆಂಟೆನಾದ ಪ್ರಶ್ನೆಗೆ ಬರವಿಲ್ಲ. ಸದ್ಯಕ್ಕೆ ಒಂದು ಹಳೆಯ ರೇಡಿಯೊ ತಂದಿಟ್ಟಿದ್ದೇನೆ. ಅದರ ಕಡ್ಡಿಯನ್ನು ಉದ್ದ ಮಾಡಿ, ಗಿಡ್ಡ ಮಾಡಿ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿ, ಮಡಿಕೇರಿ ಆಕಾಶವಾಣಿ ಎಲ್ಲಿ ಸ್ಪಷ್ಟವಾಗಿ ಕೇಳುತ್ತದೆಂದು ಮಕ್ಕಳು ಶಾಲೆಯ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದಾರೆ.